ಮೂರು ಋತುಗಳ ಮಲಗುಚೀಲ

ಪರೀಕ್ಷೆಗಳು ಮುಗಿದೊಡನೆ ಬೆನ್ನಿಗೊಂದು ಚೀಲವನ್ನೇರಿಸಿಕೊಂಡು ಹಿಮಾಲಯದ ಕಣಿವೆಗಳತ್ತ ಹೊರಡುವ ವಿದ್ಯಾರ್ಥಿಗಳು ಇಂದು ನಮ್ಮ ಅನೇಕ ಕಾಲೇಜುಗಳಲ್ಲಿ ಕಾಣಸಿಗುತ್ತಾರೆ. ಬೂಟು, ಉಣ್ಣೆಯ ಟೊಪ್ಪಿಗೆ, ಮಳೆಯಂಗಿ ಇವುಗಳ ಜೊತೆಗೆ ಅವರು ಕೊಳ್ಳಬೇಕಾದ ಮುಖ್ಯ ಸಾಮಗ್ರಿಯೊಂದಿದೆ. ಸ್ಲೀಪಿಂಗ್ ಬ್ಯಾಗ್ ಎಂದು ಎಲ್ಲರೂ ಕರೆಯುವ ಮಲಗುಚೀಲವೇ ಅದು. ಅಂಗಡಿಯಲ್ಲಿ ಬಗೆಬಗೆಯ ಚೀಲಗಳು ತೂಗಾಡುತ್ತಿರುತ್ತವೆ. ಅವುಗಳಲ್ಲಿ ಅನೇಕವುಗಳ ಮೇಲೆ ‘ತ್ರೀ ಸೀಸನ್’, ಅಂದರೆ ಮೂರು ಋತುಗಳಿಗೆ ತಕ್ಕುದು, ಎಂಬ ಬರಹವಿರುತ್ತದೆ. ಕನ್ನಡಿಗನಿಗೆ ಇದು ಬಲು ಒಪ್ಪುವ ಮಾತು. ಬೇಸಗೆ, ಮಳೆಗಾಲ, ಚಳಿಗಾಲ ಎಂದು ನಮಗಿರುವುವೇ ಮೂರು ಕಾಲಗಳು. ಮೂರಕ್ಕೂ ಆಗುವ ಚೀಲವೆಂದ ಮೇಲೆ ಇನ್ನೇನು ಬೇಕು?

ಎಡವುವುದು ಇಲ್ಲಿಯೇ. ಈ ಹೆಸರನ್ನಿಟ್ಟವರು ಯೂರೋಪು ಅಮೆರಿಕಗಳವರು. ಅವರ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಋತುಗಳು. ಹಿಮ ಸುರಿಯುವ ಚಳಿಗಾಲವೊಂದನ್ನು ಬಿಟ್ಟು ಉಳಿದ ಮೂರಕ್ಕೆ ಒಪ್ಪುವ ಚೀಲವೇ ಅವರ ಮೂರು ಋತುಗಳ ಚೀಲ. ಚಳಿಗಾಲವನ್ನು ಬೇಕೆಂದೇ ಹೊರಗಿಟ್ಟ ಹೆಸರನ್ನು ನಾವು ಚಳಿಗಾಲವೂ ಸೇರಿದ ಹೆಸರೆಂದು ಓದಿಕೊಂಡು ಡಿಸೆಂಬರಿನಲ್ಲಿ ಉತ್ತರಾಖಂಡದ ಹಿಮದ ಮೇಲೆ ಹೋಗಿ ಮಲಗಿದರೆ ಪರಿಣಾಮವೇನಾದೀತೆಂಬುದನ್ನು ಹೇಳಬೇಕಾಗಿಲ್ಲ. ಮನುಷ್ಯನ ದೇಹದ ಒಳಗಿನ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. ಅದು 35 ಡಿಗ್ರಿಗಿಂತ ಕೆಳಗಿಳಿಯಿತೆಂದರೆ ವೈದ್ಯರು ಹೈಪೊಥರ್ಮಿಯ ಎನ್ನುವ ಅಪಾಯದ ಸ್ಥಿತಿ ಆರಂಭವಾಗುತ್ತದೆ. ಮೊದಲು ತಡೆಯಲಾರದ ನಡುಕ, ಆಮೇಲೆ ತೊದಲು ಮಾತು, ಮಂಕು. ಕೊನೆಗೆ ನಡುಕವೂ ನಿಂತು ಪ್ರಜ್ಞೆ ತಪ್ಪುತ್ತದೆ. ಕೇವಲ ಎರಡು ಡಿಗ್ರಿಗಳ ಅಂತರದ ಮಾತಿದು. ಆದ್ದರಿಂದ ಚೀಲದ ಆಯ್ಕೆಯನ್ನು ಬಣ್ಣಕ್ಕೂ ಬೆಲೆಗೂ ಬಿಡದೆ, ಭೌತಶಾಸ್ತ್ರದ ಬಲದಿಂದ ಮಾಡುವುದು ಲೇಸು. ಬೇಕಾಗುವ ಶಾಸ್ತ್ರವೇನೋ ಪ್ರೌಢಶಾಲೆಯ ಪಾಠಕ್ಕಿಂತ ಹೆಚ್ಚಿನದಲ್ಲ.

ಚೀಲ ಮಾಡುವ ಕೆಲಸವೇನು?

ಮೊದಲು ಒಂದು ತಪ್ಪು ಭಾವನೆಯನ್ನು ಕಳೆದುಕೊಳ್ಳಬೇಕು. ಮಲಗುಚೀಲ ಶಾಖವನ್ನು ಕೊಡುವುದಿಲ್ಲ. ಕೊಡಲು ಅದರಲ್ಲಿ ಶಾಖವೇ ಇಲ್ಲ. ಮಂಜುಗಡ್ಡೆಯ ದಿಮ್ಮಿಗೆ ಮರದ ಹೊಟ್ಟನ್ನು ಮುಚ್ಚಿ ಗೋಣಿ ಹೊದಿಸುವುದನ್ನು ನೀವು ನೋಡಿರಬಹುದು. ಅಲ್ಲಿ ಹೊರಗಿನ ಶಾಖ ಒಳಗೆ ಬಾರದಂತೆ ಗೋಣಿ ತಡೆಯುತ್ತದೆ. ಇಲ್ಲಿ ಒಳಗಿನ ಶಾಖ ಹೊರಗೆ ಹೋಗದಂತೆ ಚೀಲ ತಡೆಯುತ್ತದೆ. ಒಲೆ ನೀವೇ. ಮಲಗಿ ನಿದ್ರಿಸುವ ವಯಸ್ಕನೊಬ್ಬನ ದೇಹ ಸುಮಾರು 70 ವಾಟ್‌ಗಳಷ್ಟು ಶಾಖವನ್ನು ಎಡೆಬಿಡದೆ ಹೊರಸೂಸುತ್ತಿರುತ್ತದೆ. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 60 ವಾಟಿನ ತಂತಿಬಲ್ಬಿಗಿಂತ ಇದು ತುಸು ಹೆಚ್ಚು, ಅಷ್ಟೆ.

ಈ ಶಾಖವನ್ನು ತಡೆಹಿಡಿಯುವ ನಿಜವಾದ ವಸ್ತು ಬಟ್ಟೆಯೂ ಅಲ್ಲ, ತುಪ್ಪುಳೂ ಅಲ್ಲ. ಅವುಗಳ ನಡುವೆ ಸಿಕ್ಕಿಬಿದ್ದ ಗಾಳಿ. ಗಾಳಿಯಷ್ಟು ಸೋಮಾರಿಯಾದ ಉಷ್ಣವಾಹಕ ಅಗ್ಗವಾಗಿ ಬೇರೊಂದಿಲ್ಲ. ನೀರು ಗಾಳಿಗಿಂತ ಸುಮಾರು 24 ಪಾಲು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದರೆ ಗಾಳಿಗೊಂದು ಕೆಟ್ಟ ಚಾಳಿಯಿದೆ: ಬಿಟ್ಟರೆ ಅದು ಸುಮ್ಮನಿರುವುದಿಲ್ಲ. ಬಿಸಿಯಾದ ಭಾಗ ಮೇಲೇರಿ ತಣ್ಣನೆಯ ಭಾಗ ಕೆಳಗಿಳಿದು ಸಂವಹನದ ಸುಳಿಗಳು ಹುಟ್ಟಿ, ವಹನದಿಂದ ಹೋಗದ ಶಾಖ ಈ ಸುಳಿಗಳ ಬೆನ್ನೇರಿ ಹೋಗುತ್ತದೆ. ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕಟ್ಟಿಹಾಕುವುದೇ ನೂಲಿನ, ಉಣ್ಣೆಯ, ತುಪ್ಪುಳಿನ ಉದ್ಯೋಗ. ಮಾಗಿಯ ಮುಂಜಾನೆ ತಂತಿಯ ಮೇಲೆ ಕುಳಿತ ಗುಬ್ಬಿ ಮೈಯುಬ್ಬಿಸಿ ಚೆಂಡಿನಂತಾಗುವುದೂ ಇದಕ್ಕಾಗಿಯೇ. ಅದು ಗರಿಗಳನ್ನು ನಿಮಿರಿಸಿ, ತನ್ನ ಹೊದಿಕೆಯ ದಪ್ಪವನ್ನು ಹೆಚ್ಚಿಸಿಕೊಳ್ಳುತ್ತದೆ.

ದಪ್ಪವೆಷ್ಟಿರಬೇಕು? ಲೆಕ್ಕ ಹಾಕಿಯೇ ನೋಡೋಣ. ಒಂದು ಹೊದಿಕೆಯ ಮೂಲಕ ಸೆಕೆಂಡಿಗೆ ಸಾಗುವ ಶಾಖವು ಹೊದಿಕೆಯ ಉಷ್ಣವಾಹಕತೆ, ಅದರ ವಿಸ್ತೀರ್ಣ ಮತ್ತು ಒಳಹೊರಗಿನ ಉಷ್ಣತೆಗಳ ಅಂತರ ಈ ಮೂರರ ಗುಣಲಬ್ಧವನ್ನು ದಪ್ಪದಿಂದ ಭಾಗಿಸಿದಷ್ಟಿರುತ್ತದೆ. ಗಾಳಿ ತುಂಬಿದ ತುಪ್ಪುಳಿನ ವಾಹಕತೆಯನ್ನು, ಮೀಟರಿಗೆ ಡಿಗ್ರಿಯೊಂದಕ್ಕೆ, 0.04 ವಾಟ್ ಎಂದಿಟ್ಟುಕೊಳ್ಳೋಣ. ದೇಹದ ಮೈಯ ವಿಸ್ತೀರ್ಣ 1.7 ಚದರ ಮೀಟರ್. ಚರ್ಮದ ಉಷ್ಣತೆ 33 ಡಿಗ್ರಿ. ಹೊರಗೆ ನೀರು ಹೆಪ್ಪುಗಟ್ಟುವ 0 ಡಿಗ್ರಿ. 70 ವಾಟ್‌ಗಳಲ್ಲಿ ಸುಮಾರು ಕಾಲು ಪಾಲು ಉಸಿರಿನ ಮೂಲಕವೂ ಮೈಯ ನೀರು ಆವಿಯಾಗುವುದರ ಮೂಲಕವೂ ಹೇಗಿದ್ದರೂ ಹೋಗುತ್ತದೆ. ಉಳಿಯುವುದು 52 ವಾಟ್. ಚೀಲದ ಮೂಲಕ ಇಷ್ಟು ಶಾಖ ಮಾತ್ರವೇ ಹೋದರೆ ಆಯವ್ಯಯ ಸರಿದೂಗುತ್ತದೆ. 0.04 × 1.7 × 33 ಇದನ್ನು 52ರಿಂದ ಭಾಗಿಸಿದರೆ 0.043 ಮೀಟರ್, ಅಂದರೆ 4.3 ಸೆಂಟಿಮೀಟರ್ ಬರುತ್ತದೆ. ಹೊರಗಿನ ಉಷ್ಣತೆ 10 ಡಿಗ್ರಿಯಾದರೆ 3 ಸೆಂಟಿಮೀಟರ್ ಸಾಕು; ಸೊನ್ನೆಗಿಂತ 5 ಡಿಗ್ರಿ ಕೆಳಗಾದರೆ 5 ಸೆಂಟಿಮೀಟರ್ ಬೇಕು. ಮೈಮೇಲಿನ ಉಡುಪು ನಮ್ಮ ಪರವಾಗಿಯೂ, ಸಂದುಗಳಲ್ಲಿ ಸೋರುವ ಗಾಳಿ ನಮ್ಮ ವಿರುದ್ಧವಾಗಿಯೂ ಕೆಲಸ ಮಾಡುವುದರಿಂದ ಈ ಅಂಕಿಗಳು ಅಂದಾಜಿನವು. ಆದರೂ ಅಂಗಡಿಯವನ ಮಾತಿಗಿಂತ ಇವು ಮೇಲು.

ನಮ್ಮ ಕುರುಬರ ಕಂಬಳಿಯನ್ನು ಇಲ್ಲಿ ನೆನೆಯಬಹುದು. ಅರ್ಧ ಸೆಂಟಿಮೀಟರ್ ದಪ್ಪದ ಕಂಬಳಿಗಳಿಂದ ಮೇಲಿನ 4.3 ಸೆಂಟಿಮೀಟರನ್ನು ತುಂಬಿಸಬೇಕಾದರೆ ಒಂಬತ್ತು ಕಂಬಳಿಗಳು ಬೇಕು. ಕಂಬಳಿ ಕೆಟ್ಟದ್ದಲ್ಲ, ಆದರೆ ಒಂಬತ್ತನ್ನು ಹೊತ್ತು ಬೆಟ್ಟವೇರುವವರಾರು? ಮಲಗುಚೀಲದ ಕಥೆಯೆಲ್ಲವೂ ಈ ಭಾರವನ್ನು ಇಳಿಸುವ ಪ್ರಯತ್ನದ ಕಥೆ. ಆಲ್ಪ್ಸ್ ಪರ್ವತಗಳಲ್ಲಿ ಅಲೆಯುತ್ತಿದ್ದ ಫ್ರಾನ್ಸಿಸ್ ಫಾಕ್ಸ್ ಟಕೆಟ್ 1861ರಲ್ಲಿ ಪರೀಕ್ಷಿಸಿದ ಚೀಲ ಕಂಬಳಿಯದು, ಅಡಿಗೆ ರಬ್ಬರಿನ ಲೇಪದ್ದು. 1876ರಲ್ಲಿ ವೇಲ್ಸ್ ದೇಶದ ವರ್ತಕ ಪ್ರೈಸ್ ಪ್ರೈಸ್-ಜೋನ್ಸ್ ‘ಯೂಕ್ಲಿಸಿಯಾ’ ಎಂಬ ಹೆಸರಿನಿಂದ ಮಾರಾಟಕ್ಕಿಟ್ಟದ್ದೂ ಉಣ್ಣೆಯ ಕಂಬಳಿಯೇ, ಚೀಲದಂತೆ ಮಡಚಿ ಕಟ್ಟುವಂಥದು.

ತುಪ್ಪುಳೋ, ಕೃತಕ ನೂಲೋ?

ಇಂದಿನ ಚೀಲಗಳಲ್ಲಿ ತುಂಬುವುದು ಎರಡು ಬಗೆಯ ವಸ್ತುಗಳನ್ನು. ಮೊದಲನೆಯದು ಹೆಬ್ಬಾತು ಅಥವಾ ಬಾತುಕೋಳಿಗಳ ಎದೆಯ ತುಪ್ಪುಳು. ಇದು ಗರಿಯಲ್ಲ. ಗರಿಗೆ ನಡುವೆ ಗಟ್ಟಿಯಾದ ದಂಟಿರುತ್ತದೆ, ತುಪ್ಪುಳಿಗೆ ದಂಟಿಲ್ಲ. ಒಂದು ನಡುಬಿಂದುವಿನಿಂದ ಎಲ್ಲ ದಿಕ್ಕಿಗೂ ಹರಡಿದ ಎಳೆಗಳು, ಎಕ್ಕದ ಕಾಯಿಯಿಂದ ಹಾರಿಬರುವ ಬೀಜದ ಕುಚ್ಚಿನಂತೆ. ಹಿಂಡಿದರೆ ಮುಷ್ಟಿಯಲ್ಲಡಗುತ್ತದೆ, ಬಿಟ್ಟರೆ ಮತ್ತೆ ಅರಳುತ್ತದೆ. 1922ರ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಬಲೂನಿನ ಬಟ್ಟೆಯೊಳಗೆ ತುಪ್ಪುಳು ತುಂಬಿಸಿದ ಕೋಟನ್ನು ಹೊಲಿಸಿಕೊಂಡು ಹೋಗಿದ್ದ.

ತುಪ್ಪುಳಿನ ಗುಣವನ್ನು ಅಳೆಯಲು ‘ಫಿಲ್ ಪವರ್’ ಎಂಬ ಅಂಕವಿದೆ; ಇದನ್ನು ಅರಳುವ ಶಕ್ತಿಯೆನ್ನೋಣ. ಒಂದು ಔನ್ಸ್ ತುಪ್ಪುಳು ಎಷ್ಟು ಘನ ಅಂಗುಲ ಸ್ಥಳವನ್ನು ತುಂಬುತ್ತದೆಂಬುದೇ ಈ ಅಂಕ. ನಮ್ಮ ಮಾನಕ್ಕೆ ತಿರುಗಿಸಿದರೆ 800 ಅಂಕದ ತುಪ್ಪುಳು ಗ್ರಾಂ ಒಂದಕ್ಕೆ ಸುಮಾರು 460 ಘನ ಸೆಂಟಿಮೀಟರ್, ಅಂದರೆ ಅರ್ಧ ಲೀಟರಿಗೆ ಸಮೀಪದಷ್ಟು ಅರಳುತ್ತದೆ. 600 ಅಂಕದ್ದು 350ರಷ್ಟು. ಇಲ್ಲಿ ಅನೇಕರು ಒಂದು ವಿಷಯವನ್ನು ಮರೆಯುತ್ತಾರೆ. ಹೆಚ್ಚಿನ ಅಂಕವೆಂದರೆ ಹೆಚ್ಚು ಬೆಚ್ಚಗಿನ ಚೀಲವೆಂದಲ್ಲ; ಅದೇ ಬೆಚ್ಚನೆಯನ್ನು ಕಡಮೆ ತೂಕದಲ್ಲಿ ಕೊಡುವ ಚೀಲವೆಂದು. 600ರ ತುಪ್ಪುಳನ್ನು ಮೂರನೆಯ ಒಂದು ಪಾಲು ಹೆಚ್ಚು ತುಂಬಿದರೆ 800ರ ಚೀಲದಷ್ಟೇ ದಪ್ಪ ಬರುತ್ತದೆ, ಹಣವೂ ಉಳಿಯುತ್ತದೆ. ಬೆನ್ನು ಗಟ್ಟಿಯಿರುವ ವಿದ್ಯಾರ್ಥಿಗೆ ಇದನ್ನೇ ನಾನು ಸೂಚಿಸುವೆ.

ಎರಡನೆಯದು ಪಾಲಿಯೆಸ್ಟರಿನ ಕೃತಕ ನೂಲು. ಇದರ ಎಳೆಗಳಲ್ಲಿ ಕೆಲವು ಒಳಗೆ ಟೊಳ್ಳಾಗಿರುತ್ತವೆ. ಅದೇ ಬೆಚ್ಚನೆಗೆ ತುಪ್ಪುಳಿಗಿಂತ ಭಾರ, ಮಡಚಿದರೆ ದೊಡ್ಡ ಗಂಟು, ಕೆಲವು ವರ್ಷಗಳಲ್ಲಿ ಚಪ್ಪಟೆಯಾಗುವ ಸ್ವಭಾವ. ಇಷ್ಟಾದರೂ ಅದಕ್ಕೊಂದು ದೊಡ್ಡ ಗುಣವಿದೆ. ತುಪ್ಪುಳು ಒದ್ದೆಯಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ನೆನೆದ ಹತ್ತಿಯ ಉಂಡೆಯಂತಾಗುತ್ತವೆ. ಗಾಳಿಯ ಕೋಣೆಗಳು ಕುಸಿಯುತ್ತವೆ, ಅವುಗಳಿದ್ದೆಡೆಯಲ್ಲಿ ಉತ್ತಮ ವಾಹಕವಾದ ನೀರು ಬಂದು ಕೂರುತ್ತದೆ. ಪಾಲಿಯೆಸ್ಟರ್ ನೀರನ್ನು ಹೀರುವುದಿಲ್ಲ; ನೆನೆದರೂ ತನ್ನ ದಪ್ಪದ ಬಹುಭಾಗವನ್ನು ಉಳಿಸಿಕೊಂಡು ಬೇಗ ಒಣಗುತ್ತದೆ. ನೀರು ಹತ್ತದಂತೆ ಸಂಸ್ಕರಿಸಿದ ತುಪ್ಪುಳೂ ಈಗ ದೊರೆಯುತ್ತದೆ. ಅದು ತೇವವನ್ನು ಕೆಲಕಾಲ ತಡೆದೀತೇ ಹೊರತು ಮಳೆಯಲ್ಲಿ ತೊಯ್ದ ಚೀಲವನ್ನು ಉಳಿಸಲಾರದು. ಆದ್ದರಿಂದ ಕೊಡಗಿನಲ್ಲೋ ಆಗುಂಬೆಯ ಸುತ್ತಿನಲ್ಲೋ ಮಳೆಯ ದಿನಗಳಲ್ಲಿ ತಂಗುವವರಿಗೆ ಕೃತಕ ನೂಲೇ ಸರಿ. ಮೇ ಅಥವಾ ಅಕ್ಟೋಬರಿನ ಹಿಮಾಲಯಕ್ಕೆ ಹೋಗುವವರಿಗೆ, ಚೀಲವನ್ನು ಒಣಗಿಸಿ ಇಟ್ಟುಕೊಳ್ಳುವ ಎಚ್ಚರವಿದ್ದರೆ, ತುಪ್ಪುಳು ಸರಿ. ಜೀವಂತ ಹಕ್ಕಿಗಳಿಂದ ತುಪ್ಪುಳನ್ನು ಕೀಳುವ ಕ್ರೂರ ಪದ್ಧತಿ ಕೆಲವೆಡೆ ಇದ್ದುದರಿಂದ, ಅದನ್ನು ನಿಷೇಧಿಸುವ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಎಂಬ ನಿಯಮಾವಳಿ 2014ರಲ್ಲಿ ಬಂದಿತು. ಅದರ ಗುರುತನ್ನು ನೋಡಿ ಕೊಳ್ಳಬಹುದು. ಹಕ್ಕಿಯ ತುಪ್ಪುಳೇ ಬೇಡವೆನ್ನುವವರಿಗೆ ಕೃತಕ ನೂಲು ಇದ್ದೇ ಇದೆ.

ಹೊಲಿಗೆಯನ್ನೂ ನೋಡಬೇಕು. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿಯಲ್ಲಿ ಸೂಜಿ ಒಂದು ಮೈಯಿಂದ ಇನ್ನೊಂದು ಮೈಗೆ ಹಾಯ್ದುಹೋಗುತ್ತದೆ. ಕೌದಿಗೆ ಇದರಿಂದ ಬಾಳಿಕೆ ಬರುತ್ತದೆ. ಆದರೆ ಮಲಗುಚೀಲವನ್ನು ಹೀಗೆ ಹೊಲಿದರೆ ಹೊಲಿಗೆಯ ಸಾಲಿನುದ್ದಕ್ಕೂ ಎರಡು ಬಟ್ಟೆಗಳು ಕೂಡಿಕೊಂಡು ಅಲ್ಲಿ ದಪ್ಪವೇ ಇಲ್ಲವಾಗುತ್ತದೆ. ಮೇಲೆ ಹೇಳಿದ ಲೆಕ್ಕದಂತೆ ದಪ್ಪ ಇಲ್ಲದೆಡೆ ಶಾಖ ಧಾರೆಯಾಗಿ ಹರಿದುಹೋಗುತ್ತದೆ. ಬೆಚ್ಚಗಿನ ಚೀಲಗಳಲ್ಲಿ ಒಳಬಟ್ಟೆಗೂ ಹೊರಬಟ್ಟೆಗೂ ನಡುವೆ ಗೋಡೆಯಂತೆ ತೆಳುವಾದ ಪಟ್ಟಿಗಳನ್ನು ನಿಲ್ಲಿಸಿ ಪೆಟ್ಟಿಗೆಗಳಂಥ ಕೋಣೆಗಳನ್ನು ಮಾಡಿರುತ್ತಾರೆ. ಬೆಳಕಿಗೆ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜಿಪ್ಪಿನ ಹಿಂದೆ ತುಪ್ಪುಳು ತುಂಬಿದ ಉದ್ದನೆಯ ಸುರುಳಿಯೊಂದು ಇರಬೇಕು. ಇಲ್ಲದಿದ್ದರೆ ಜಿಪ್ಪಿನ ಹಲ್ಲುಗಳ ನಡುವಿಂದ ಗಾಳಿ ನುಗ್ಗುತ್ತದೆ.

ಆಕಾರದಲ್ಲಿ ಎರಡು ವಿಧ: ಹಾಸಿಗೆಯಂತೆ ಚೌಕಾದುದು ಒಂದು, ಭುಜದಲ್ಲಿ ಅಗಲವಾಗಿ ಪಾದದ ಕಡೆಗೆ ಕಿರಿದಾಗುತ್ತ ಬಂದು ತಲೆಗೆ ಮುಸುಕುಳ್ಳದ್ದು ಇನ್ನೊಂದು. ಈಜಿಪ್ಟಿನ ಶವಗಳ ನೆನಪಿನಿಂದ ಇದಕ್ಕೆ ‘ಮಮ್ಮಿ’ ಎಂಬ ಅಮಂಗಳವಾದ ಹೆಸರು ಬಂದಿದೆ. ನಮ್ಮ ಮಲೆನಾಡಿನ ಕಂಬಳಿಕೊಪ್ಪೆಯನ್ನು ಕಂಡವರು ಇದನ್ನು ಹೊಸತೆಂದು ಭಾವಿಸಲಾರರು. ಚಳಿಯಲ್ಲಿ ಇದೇ ಮೇಲು, ಏಕೆಂದರೆ ಕಾಯಿಸಬೇಕಾದ ಒಳಗಿನ ಗಾಳಿ ಕಡಮೆ. ಆದರೆ ತೀರ ಬಿಗಿಯಾದ ಚೀಲದಲ್ಲಿ ಮೊಣಕಾಲು ಮೊಣಕೈಗಳು ತುಪ್ಪುಳನ್ನು ಒತ್ತಿ ಚಪ್ಪಟೆ ಮಾಡುತ್ತವೆ. ಅಂಗಡಿಯಲ್ಲಿಯೇ ನಾಚಿಕೆಯಿಲ್ಲದೆ ಒಳಹೊಕ್ಕು ಮಲಗಿ ನೋಡಬೇಕು.

ಚೀಟಿಯ ಮೇಲಿನ ಮೂರು ಉಷ್ಣತೆಗಳು

ಚೀಲಗಳ ಉಷ್ಣತೆಯನ್ನು ಒಂದೇ ಕ್ರಮದಿಂದ ಅಳೆಯಲು ಯೂರೋಪಿನಲ್ಲಿ 2002ರಲ್ಲಿ ಇಎನ್ 13537 ಎಂಬ ಮಾನಕವನ್ನು ರಚಿಸಿದರು. 2016ರಲ್ಲಿ ಐಎಸ್‌ಒ 23537 ಅಂತರರಾಷ್ಟ್ರೀಯ ಮಾನಕವಾಗಿ ಬಂದಿತು. ಮೈಯೆಲ್ಲ ವಿದ್ಯುತ್ತಿನಿಂದ ಕಾಯುವ, ಮನುಷ್ಯನ ಗಾತ್ರದ ಬೊಂಬೆಯೊಂದಕ್ಕೆ ಒಳಉಡುಪು ತೊಡಿಸಿ, ಚೀಲದೊಳಗಿಟ್ಟು, ಹಾಸಿನ ಮೇಲೆ ತಣ್ಣನೆಯ ಕೋಣೆಯಲ್ಲಿ ಮಲಗಿಸುತ್ತಾರೆ. ಬೊಂಬೆಯ ಕಾವನ್ನು ಉಳಿಸಲು ಎಷ್ಟು ವಿದ್ಯುತ್ತು ಬೇಕಾಯಿತೆಂಬುದರಿಂದ ಚೀಲದ ನಿರೋಧಶಕ್ತಿಯನ್ನು ಕಂಡುಹಿಡಿಯುತ್ತಾರೆ. ಈ ಪರೀಕ್ಷೆಯಿಂದ ಹೊರಡುವ ಅಂಕಿಗಳಲ್ಲಿ ಮೂರು ನಮಗೆ ಮುಖ್ಯ. ‘ಕಂಫರ್ಟ್’ ಎಂಬುದು ಸಾಮಾನ್ಯ ಮೈಕಟ್ಟಿನ ಹೆಂಗಸು ಕೈಕಾಲು ಸಡಿಲಬಿಟ್ಟು ಸುಖವಾಗಿ ನಿದ್ರಿಸಬಲ್ಲ ಉಷ್ಣತೆ. ‘ಲಿಮಿಟ್’ ಎಂಬುದು ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯಬಲ್ಲ ಉಷ್ಣತೆ. ಇದು ಮೊದಲನೆಯದಕ್ಕಿಂತ ಸುಮಾರು 5-6 ಡಿಗ್ರಿ ಕೆಳಗಿರುತ್ತದೆ. ‘ಎಕ್ಸ್‌ಟ್ರೀಮ್’ ಎಂಬುದು ಅದಕ್ಕಿಂತಲೂ ಸುಮಾರು 15 ಡಿಗ್ರಿ ಕೆಳಗಿನದು. ಇದರಲ್ಲಿ ನಿದ್ರೆಯ ಮಾತೇ ಇಲ್ಲ. ಆರು ಗಂಟೆಗಳ ಕಾಲ ಪ್ರಾಣ ಉಳಿದೀತು, ಆದರೂ ಶೈತ್ಯದಿಂದ ಹಾನಿಯಾಗುವ ಅಪಾಯವಿದೆ ಎಂಬುದು ಅದರ ಅರ್ಥ.

ಈ ಮೂರರಲ್ಲಿ ಯಾವುದನ್ನು ಚೀಲದ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಿಸಿದ್ದಾರೆಂಬುದನ್ನು ನೋಡಿಕೊಳ್ಳದೆ ಹಣ ಕೊಡಬಾರದು. ಹಿಂದೊಮ್ಮೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನವರೆಗೂ ಸಾಕೆಂದು ನಂಬಿಸಿದ ಚೀಲವೊಂದರಲ್ಲಿ, ನೀರು ಹೆಪ್ಪುಗಟ್ಟದ ರಾತ್ರಿಯೊಂದನ್ನು ನಾನು ಹಲ್ಲು ಕಟಕಟಿಸುತ್ತ ಕಳೆದಿದ್ದೇನೆ. ಬೆಳಗ್ಗೆ ಒಳಗಿನ ಚಿಕ್ಕ ಚೀಟಿಯನ್ನು ಓದಿದಾಗ ಆ ಅಂಕಿ ಮೂರನೆಯ ಬಗೆಯದೆಂದು ತಿಳಿಯಿತು. ಗಂಡಾಗಲಿ ಹೆಣ್ಣಾಗಲಿ, ಸಮತಟ್ಟು ಸೀಮೆಯಿಂದ ಹೋಗುವ ನಮ್ಮ ವಿದ್ಯಾರ್ಥಿಗಳು ‘ಕಂಫರ್ಟ್’ ಅಂಕಿಯೊಂದನ್ನೇ ನಂಬುವುದು ಕ್ಷೇಮ.

ಆ ಅಂಕಿ ಎಷ್ಟಿರಬೇಕೆಂಬುದನ್ನು ಹೋಗುವ ಎತ್ತರ ಹೇಳುತ್ತದೆ. ಸಾವಿರ ಮೀಟರ್ ಏರಿದಂತೆಲ್ಲ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಸುಮಾರು 2,000 ಮೀಟರ್ ಎತ್ತರದ ಮನಾಲಿಯಲ್ಲಿ ರಾತ್ರಿಯ ಉಷ್ಣತೆ 10 ಡಿಗ್ರಿ ಇದ್ದರೆ, 3,500 ಮೀಟರ್ ಎತ್ತರದ ಬೀಡಿನಲ್ಲಿ ಅದು ಸೊನ್ನೆಯ ಸಮೀಪಕ್ಕೆ ಬಂದಿರುತ್ತದೆ. ಆಕಾಶ ನಿರ್ಮಲವಾಗಿದ್ದರೆ ನೆಲ ತನ್ನ ಶಾಖವನ್ನು ವಿಕಿರಣದಿಂದ ಕಳೆದುಕೊಂಡು ಇನ್ನೂ ತಣ್ಣಗಾಗುತ್ತದೆ. ತಣ್ಣಗಾದ ಭಾರದ ಗಾಳಿ ನೀರಿನಂತೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಆದುದರಿಂದ ಮೇ ಮತ್ತು ಅಕ್ಟೋಬರ್ ತಿಂಗಳುಗಳ ಹಿಮಾಲಯಕ್ಕೆ ‘ಕಂಫರ್ಟ್’ ಸೊನ್ನೆಯಿಂದ ಸೊನ್ನೆಗಿಂತ 5 ಡಿಗ್ರಿ ಕೆಳಗಿನವರೆಗಿನ ಚೀಲ ಬೇಕು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಈ ಭಾಗದ ಬೆಟ್ಟಗಳಿಗೆ 10 ಡಿಗ್ರಿಯ ಹಗುರವಾದ ಚೀಲ ಸಾಕು. ಹಿಮಾಲಯದ ಚೀಲವನ್ನು ಇಲ್ಲಿಗೆ ತಂದವನು ಬೆವರಿ ಜಿಪ್ಪು ತೆಗೆದು ಮಲಗಿ ಇಂಬಳಗಳಿಗೆ ಔತಣವಿತ್ತಾನು.

ನೆಲವೂ, ತೇವವೂ

ಎಷ್ಟು ಒಳ್ಳೆಯ ಚೀಲವಾದರೂ ಮೈಯಡಿಯ ಭಾಗ ನಿಷ್ಪ್ರಯೋಜಕ. ದೇಹದ ಭಾರಕ್ಕೆ ತುಪ್ಪುಳು ನಜ್ಜಾಗಿ ಅಲ್ಲಿಯ ಗಾಳಿಯೆಲ್ಲ ಹೊರಟುಹೋಗಿರುತ್ತದೆ. ಹೊಲದಲ್ಲಿ ಕಾವಲು ಮಲಗುವ ರೈತ ಭತ್ತದ ಹುಲ್ಲನ್ನು ದಪ್ಪಗೆ ಹರಡಿ ಅದರ ಮೇಲೆ ಚಾಪೆ ಹಾಸುವುದು ಮೆತ್ತಗಿರಲೆಂದು ಮಾತ್ರವಲ್ಲ. ಚಾರಣಿಗನಿಗೆ ಹುಲ್ಲಿನ ಬದಲು ಒತ್ತಿದರೂ ಗಾಳಿ ಬಿಡದ ಫೋಮಿನ ಹಾಸು ಅಥವಾ ಊದುವ ಹಾಸು ಬೇಕು. ಹಾಸಿನ ನಿರೋಧಶಕ್ತಿಯನ್ನು ‘ಆರ್’ ಅಂಕದಿಂದ ಸೂಚಿಸುತ್ತಾರೆ. ಮೂರು ಋತುಗಳ ತಂಗುವಿಕೆಗೆ 2ರಿಂದ 4ರವರೆಗಿನ ಅಂಕ ತಕ್ಕದ್ದು. ಚೀಲಕ್ಕೆ ಸಾವಿರಾರು ರೂಪಾಯಿ ಸುರಿದು ಹಾಸಿನಲ್ಲಿ ಜಿಪುಣತನ ತೋರಿದವನು ಬೆನ್ನಿನ ಚಳಿಗೆ ಚೀಲವನ್ನು ಬಯ್ಯುತ್ತಾನೆ.

ಇನ್ನು ತೇವ. ಬೆವರಿದಂತೆ ಕಾಣದಿದ್ದರೂ ನಮ್ಮ ಚರ್ಮದಿಂದ ಒಂದು ರಾತ್ರಿಯಲ್ಲಿ 100 ಗ್ರಾಂಗಿಂತ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಈ ಆವಿ ಹೊರಬಟ್ಟೆಯನ್ನು ಮುಟ್ಟುವ ಹೊತ್ತಿಗೆ ತಣ್ಣಗಾಗಿ, ಒಂದು ಪಾಲು ತುಪ್ಪುಳಿನೊಳಗೇ ನೀರಾಗಿ ನಿಲ್ಲುತ್ತದೆ. ಒಂದು ರಾತ್ರಿಯಲ್ಲಿ ಇದು ಲೆಕ್ಕಕ್ಕಿಲ್ಲ. ಬಹಳ ರಾತ್ರಿಗಳಾದರೆ ಏನಾಗುತ್ತದೆಂಬುದನ್ನು ಅಂಟಾರ್ಕ್ಟಿಕದ ಒಂದು ಯಾತ್ರೆ ತೋರಿಸಿಕೊಟ್ಟಿತು. ಕ್ಯಾಪ್ಟನ್ ಸ್ಕಾಟ್‌ನ ತಂಡದ ಎಡ್ವರ್ಡ್ ವಿಲ್ಸನ್, ಹೆನ್ರಿ ಬೋವರ್ಸ್ ಮತ್ತು ಆಪ್ಸ್ಲಿ ಚೆರ್ರಿ-ಗ್ಯಾರರ್ಡ್ ಎಂಬ ಮೂವರು 1911ರ ಜೂನ್ 27ರಂದು, ದಕ್ಷಿಣ ಧ್ರುವದ ನಡುಚಳಿಗಾಲದ ಕತ್ತಲೆಯಲ್ಲಿ, ಎಂಪರರ್ ಪೆಂಗ್ವಿನ್ನುಗಳ ಮೊಟ್ಟೆಗಳನ್ನು ತರಲು ಹೊರಟರು. ಉಷ್ಣತೆ ಸೊನ್ನೆಗಿಂತ 60 ಡಿಗ್ರಿ ಕೆಳಗಿಳಿಯಿತು. ಅವರ ಚೀಲಗಳು ಹಿಮಸಾರಂಗದ ಚರ್ಮದವು. ಮೈಯ ಆವಿಯೂ ಉಸಿರೂ ಒಳಗೆ ಮಂಜುಗಡ್ಡೆಯಾಗಿ ಹೆಪ್ಪುಗಟ್ಟುತ್ತ ಹೋಗಿ, ಚೀಲಗಳು ಹಲಗೆಯಂತೆ ಸೆಟೆದುಕೊಂಡವು. ರಾತ್ರಿ ಒಳಹೊಗಬೇಕಾದರೆ ಮೈಯ ಕಾವಿನಿಂದ ಅಂಗುಲ ಅಂಗುಲವಾಗಿ ಕರಗಿಸಿಕೊಳ್ಳಬೇಕಾಗಿತ್ತು. ಹೊರಟಾಗ 18 ಪೌಂಡ್, ಅಂದರೆ ಸುಮಾರು 8 ಕಿಲೋ, ತೂಗುತ್ತಿದ್ದ ಚೆರ್ರಿ-ಗ್ಯಾರರ್ಡನ ಚೀಲ ಐದು ವಾರಗಳ ಬಳಿಕ ಹಿಂದಿರುಗಿದಾಗ 45 ಪೌಂಡ್, 20 ಕಿಲೋವಿಗೂ ಹೆಚ್ಚು, ತೂಗಿತು. ಹೆಚ್ಚಿದ್ದೆಲ್ಲವೂ ಮಂಜುಗಡ್ಡೆ.

ನಮ್ಮ ಯಾತ್ರೆಗಳು ಐದಾರು ರಾತ್ರಿಗಳವು. ಆದರೂ ನಿಯಮ ಒಂದೇ. ಚಳಿಯೆಂದು ಚೀಲದೊಳಗೆ ಮುಖ ಹುದುಗಿಸಿ ಉಸಿರಾಡಬಾರದು. ಮುಸುಕನ್ನು ಬಿಗಿದು ಮೂಗು ಬಾಯಿಗಳನ್ನು ಮಾತ್ರ ಹೊರಗಿಡಬೇಕು. ಹಗಲು ನಡೆದು ಬೆವರಿದ ಬಟ್ಟೆಯಲ್ಲಿ ಮಲಗಬಾರದು. ಬೆಳಗ್ಗೆ ಎದ್ದೊಡನೆ ಚೀಲವನ್ನು ಸುತ್ತಿ ತುರುಕದೆ ಒಳಮೈ ಹೊರಗಾಗಿ ತಿರುಗಿಸಿ ಅರ್ಧ ಗಂಟೆ ಬಿಸಿಲಿಗೆ ಹರಡಬೇಕು. ಮಲಗುವ ಮುನ್ನ ಹಿಡಿ ಕಡಲೆಕಾಯಿಯನ್ನೂ ಬೆಲ್ಲವನ್ನೂ ತಿಂದರೆ ರಾತ್ರಿಯಿಡೀ ಒಲೆಗೆ ಸೌದೆ ಇಟ್ಟಂತಾಗುತ್ತದೆ. ಮದ್ಯ ಬೆಚ್ಚಗಿಡುತ್ತದೆಂಬ ಮಾತು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ತಂದು ಚೆಲ್ಲುತ್ತದೆ.

ಎಲ್ಲರಿಗೂ ಹೊಸ ಚೀಲವನ್ನು ಕೊಳ್ಳಲಾಗದು. ಯಾತ್ರೆಯನ್ನು ಏರ್ಪಡಿಸುವವರಿಂದಲೋ ಬಾಡಿಗೆಗೋ ಪಡೆಯುವವರೇ ಹಲವರು. ಅಂಥವರು ಪರೀಕ್ಷಿಸುವ ಬಗೆ ಸುಲಭ. ಚೀಲವನ್ನು ಬಿಚ್ಚಿ, ಚೆನ್ನಾಗಿ ಕೊಡವಿ, ಸಮನಾದ ನೆಲದ ಮೇಲೆ ಹರಡಿ ಕಾಲು ಗಂಟೆ ಬಿಡಿ. ಎದೆಯ ಭಾಗದಲ್ಲಿ ಒಂದು ಅಡಿಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಚೀಲದ ಎತ್ತರವನ್ನು ಅಳೆಯಿರಿ. ಮೇಲಿನ ಪದರ, ಕೆಳಗಿನ ಪದರ ಎರಡೂ ಅದರಲ್ಲಿ ಸೇರಿರುವುದರಿಂದ ಅರ್ಧಮಾಡಿ, ಮೇಲಿನ ಲೆಕ್ಕದೊಡನೆ ಹೋಲಿಸಿ. ಬಂದ ಅಂಕಿ 4ಕ್ಕಿಂತ ಕಡಮೆಯಿದ್ದು, ಹೋಗುವುದು ನೀರು ಹೆಪ್ಪುಗಟ್ಟುವ ಎತ್ತರಕ್ಕಾದರೆ ಇನ್ನೊಂದು ಚೀಲವನ್ನು ಕೇಳಿ, ಇಲ್ಲವೆ ಮನೆಯಿಂದ ಒಂದು ಒಳ್ಳೆಯ ಕಂಬಳಿಯನ್ನು ಒಯ್ಯಿರಿ. ಸ್ವಂತ ಚೀಲವಿರುವವರು ಯಾತ್ರೆ ಮುಗಿದ ಮೇಲೆ ಅದನ್ನು ಬಿಗಿಯಾದ ಗವಸಣಿಗೆಯಲ್ಲಿ ವರ್ಷವಿಡೀ ಹಿಂಡಿ ಇಡದೆ, ದೊಡ್ಡ ಬಟ್ಟೆಯ ಚೀಲದಲ್ಲಿ ಸಡಿಲವಾಗಿ ಹಾಕಿ ಒಣಗಿದ ಜಾಗದಲ್ಲಿ ತೂಗುಹಾಕಬೇಕು. ಬಹುಕಾಲ ಹಿಂಡಿಟ್ಟ ತುಪ್ಪುಳು ಮತ್ತೆ ಮೊದಲಿನಷ್ಟು ಅರಳುವುದಿಲ್ಲ.